ಸಂಚಾರಿ ಆರೋಗ್ಯ ವಾಹನದಲ್ಲಿ ಕರೆ ಕಡಿಯದಂತೆ ಜಾಲ ಜೋಡಿಸುವ ಬಗೆ

ಕಲಬುರಗಿಯಿಂದ ಹೊರಟು ಜೇವರ್ಗಿ, ಶಹಾಪುರಗಳನ್ನು ದಾಟಿ ಸುರಪುರದ ಹಳ್ಳಿಗಳಿಗೆ ಹೋಗುವ ಆರೋಗ್ಯ ವಾಹನವು ದಾರಿಯುದ್ದಕ್ಕೂ ಟವರ್ ಬದಲಿಸುತ್ತಲೇ ಇರುತ್ತದೆ. ಒಂದೇ ಕಂಪನಿಯ ಟವರ್‌ಗಳ ನಡುವಿನ ಬದಲಾವಣೆಯನ್ನು ಆ ಕಂಪನಿಯ ಜಾಲವೇ ನೋಡಿಕೊಳ್ಳುತ್ತದೆ. ತೊಂದರೆ ಬರುವುದು ಒಂದು ಸಿಮ್‌ನಿಂದ ಇನ್ನೊಂದಕ್ಕೆ ಅಥವಾ 4ಜಿಯಿಂದ ಉಪಗ್ರಹಕ್ಕೆ ಹೋಗುವಾಗ. ಆಗ ಅಂತರ್ಜಾಲದಲ್ಲಿ ವಾಹನವನ್ನು ಗುರುತಿಸುವ ಐಪಿ ವಿಳಾಸವೇ ಬದಲಾಗುವುದರಿಂದ, ವೈದ್ಯರು ರೋಗಿಯನ್ನು ವಿಚಾರಿಸುತ್ತಿರುವ ಹೊತ್ತಿಗೇ ಸಂಪರ್ಕ ಕಡಿದುಹೋಗಬಹುದು.

ಆದ್ದರಿಂದ ಮೊದಲು ಬದಲಾಗದ ಒಂದು ವಿಳಾಸವನ್ನು ಕಟ್ಟಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಸ್ಥಿರ ಸಾರ್ವಜನಿಕ ಐಪಿ ಇರುವ ಒಂದು ಸರ್ವರ್ ಇಟ್ಟು, ವಾಹನದ ರೂಟರ್‌ನಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಸುರಂಗ, ಅಂದರೆ ಅಂತರ್ಜಾಲದೊಳಗೇ ಗೂಢಲಿಪಿಯ ಖಾಸಗಿ ದಾರಿ, ಹಾಕಿರಿ. ಸರಿಯಾದ ಗೂಢಲಿಪಿ ಕೀಲಿಯ ಪ್ಯಾಕೆಟ್ (ದತ್ತಾಂಶದ ತುಣುಕು) ಯಾವ ಹೊಸ ವಿಳಾಸದಿಂದ ಬಂದರೂ ವೈರ್‌ಗಾರ್ಡ್ ಅದನ್ನು ಒಪ್ಪಿಕೊಂಡು, ಉತ್ತರವನ್ನು ಅಲ್ಲಿಗೇ ಕಳುಹಿಸುತ್ತದೆ; ಒಳಗಿನ ಕರೆಗೆ ದಾರಿ ಬದಲಾದದ್ದು ತಿಳಿಯುವುದೇ ಇಲ್ಲ. ಸುಮ್ಮನಿರುವಾಗಲೂ ದಾರಿ ಮುಚ್ಚಿಹೋಗದಂತೆ 25 ಸೆಕೆಂಡಿಗೊಮ್ಮೆ ಜೀವಂತಿಕೆಯ ಪ್ಯಾಕೆಟ್ ಹೋಗುವಂತೆ ಹೊಂದಿಸುವುದನ್ನು ಮರೆಯಬಾರದು.

ಯಾವಾಗ ದಾರಿ ಬದಲಿಸಬೇಕೆಂಬುದು ಎಲ್ಲಕ್ಕಿಂತ ಸೂಕ್ಷ್ಮವಾದ ನಿರ್ಧಾರ. ಭೀಮಾ ನದಿಯ ಆಚೆಯ ಒಂದು ಹಳ್ಳಿಯಲ್ಲಿ ತೇರಿನ ದಿನ ಮೊಬೈಲ್‌ನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿದ್ದರೂ ನಮ್ಮ ಇಸಿಜಿ ಕಡತ ಅರ್ಧಕ್ಕೇ ನಿಂತುಬಿಟ್ಟಿತು. ಟವರ್ ಹತ್ತಿರವೇ ಇತ್ತು, ಆದರೆ ಜಾತ್ರೆಗೆ ಬಂದವರೆಲ್ಲರ ಫೋನುಗಳೂ ಅದರ ಮೇಲೆಯೇ ಇದ್ದವು. ಕಡ್ಡಿಗಳು ಹೇಳುವುದು ಸಿಗ್ನಲ್‌ನ ಬಲವನ್ನು ಮಾತ್ರ, ಟವರ್‌ನ ಮೇಲಿರುವ ಹೊರೆಯನ್ನಲ್ಲ. ಅಂದಿನಿಂದ ನಾನು ಪ್ರತಿ ಸಂಪರ್ಕದ ಮೂಲಕವೂ ಸೆಕೆಂಡಿಗೊಂದರಂತೆ ನಮ್ಮ ಸರ್ವರ್‌ಗೇ ಪಿಂಗ್ (ಉತ್ತರ ಬೇಡುವ ಪುಟ್ಟ ಪ್ಯಾಕೆಟ್) ಕಳುಹಿಸಿ ಅಳೆಯುತ್ತೇನೆ. ಕಳೆದ 10 ಪಿಂಗ್‌ಗಳಲ್ಲಿ 3 ಕಳೆದುಹೋದರೆ, ಇಲ್ಲವೇ ಹೋಗಿಬರುವ ವಿಳಂಬ 800 ಮಿಲಿಸೆಕೆಂಡು ಮೀರಿದರೆ 4ಜಿಯನ್ನು ಬಿಡುವಂತೆ ಹೊಂದಿಸಿದ್ದೇನೆ. ಉಪಗ್ರಹದ ಸಹಜ ವಿಳಂಬವೇ ಸುಮಾರು 600 ಆಗಿರುವಾಗ 400ಕ್ಕೇ ಬಿಡುವುದರಲ್ಲಿ ಅರ್ಥವಿಲ್ಲ. ಮರಳಿ ಬರಬೇಕಾದರೆ 4ಜಿ ಸತತ 60 ಸೆಕೆಂಡು ಚೆನ್ನಾಗಿರಬೇಕು. ಬಿಡಲು ಆತುರ, ಮರಳಲು ತಾಳ್ಮೆ ಎಂಬ ಈ ವ್ಯತ್ಯಾಸವಿಲ್ಲದಿದ್ದರೆ ರೂಟರ್ ಎರಡು ದಾರಿಗಳ ನಡುವೆ ಸುಮ್ಮನೆ ಓಡಾಡುತ್ತಲೇ ಇರುತ್ತದೆ.

ನಾವು ಬಳಸುವ ಭೂಸ್ಥಿರ ಉಪಗ್ರಹ (ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವಂಥದ್ದು) ಇರುವುದು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ. ಪ್ರಶ್ನೆ ಮೇಲೇರಿ ಇಳಿದು, ಉತ್ತರವೂ ಹಾಗೆಯೇ ಏರಿಳಿಯಬೇಕಾದ್ದರಿಂದ ಈ ವಿಳಂಬವನ್ನು ಯಾವ ಉಪಕರಣವೂ ಕಡಿಮೆ ಮಾಡಲಾರದು. ಮಾತು ಮುಗಿದಾಗ ‘ಹೇಳ್ರಿ’ ಎಂದು ಸೂಚಿಸುವ ರೂಢಿಯನ್ನು ನಮ್ಮ ದಾದಿಯರಿಗೆ ಹಾಕಿಸಿದ ಮೇಲೆ, ಇಬ್ಬರೂ ಒಟ್ಟಿಗೆ ಮಾತಾಡಿ ಗೊಂದಲವಾಗುವುದು ಬಹಳ ಕಡಿಮೆಯಾಯಿತು.

ಸೇವಾ ಗುಣಮಟ್ಟ ಉಳಿಯುವುದು ರೂಟರ್‌ನಲ್ಲಿ ಪ್ಯಾಕೆಟ್‌ಗಳು ಕಾಯುವ ಸರದಿಯಲ್ಲಿ. ಧ್ವನಿಗೆ ಸೆಕೆಂಡಿಗೆ 100 ಕಿಲೋಬಿಟ್‌ಗಿಂತ ಕಡಿಮೆ ಸಾಕು, ಆದರೆ ಅದು ಎಕ್ಸ್‌ರೇ ಚಿತ್ರದ ಹಿಂದೆ ಕಾಯುವಂತಾಗಬಾರದು. ಧ್ವನಿಯ ಪ್ಯಾಕೆಟ್‌ಗಳಿಗೆ ಡಿಎಸ್‌ಸಿಪಿ 46ರ ಗುರುತು (ಇದನ್ನು ಮೊದಲು ಕಳುಹಿಸಿ ಎಂಬ ಸೂಚನೆ) ಹಾಕಿ, ಹೊರಹೋಗುವ ಒಟ್ಟು ದತ್ತಾಂಶಕ್ಕೆ ಅಳೆದ ಅಪ್‌ಲೋಡ್ ವೇಗದ ಶೇಕಡಾ 85ರ ಮಿತಿ ಹಾಕಿರಿ. ಹೊರಗಿನ ಜಾಲಗಳು ಆ ಗುರುತನ್ನು ಗೌರವಿಸುತ್ತವೆ ಎಂಬ ಭರವಸೆಯಿಲ್ಲ; ಮಿತಿ ಹಾಕಿದಾಗ ಸರದಿ ನಮ್ಮ ರೂಟರ್‌ನಲ್ಲೇ ನಿಲ್ಲುವುದರಿಂದ, ಯಾರು ಮೊದಲು ಹೋಗಬೇಕೆಂಬುದು ನಮ್ಮ ಕೈಯಲ್ಲಿರುತ್ತದೆ. ಇನ್ನೊಂದು ಎಚ್ಚರಿಕೆ: ಕಡತಗಳನ್ನು ಸಾಗಿಸುವ ಟಿಸಿಪಿ ವಿಧಾನವನ್ನು ವೇಗಗೊಳಿಸುವ ಉಪಗ್ರಹ ಮೋಡೆಮ್‌ಗೆ ಸುರಂಗದ ಒಳಗಿನದು ಕಾಣುವುದಿಲ್ಲ, ಆದ್ದರಿಂದ ಅದನ್ನು ವೇಗಗೊಳಿಸಲೂ ಆಗುವುದಿಲ್ಲ. 64 ಕಿಲೋಬೈಟ್ ವಿಂಡೋ (ಉತ್ತರ ಬರುವ ಮುನ್ನ ಕಳುಹಿಸಬಹುದಾದಷ್ಟು ದತ್ತಾಂಶ) ಇರುವ ಸಂಪರ್ಕವು 600 ಮಿಲಿಸೆಕೆಂಡು ವಿಳಂಬದಲ್ಲಿ ಸೆಕೆಂಡಿಗೆ ಸುಮಾರು 870 ಕಿಲೋಬಿಟ್‌ಗೇ ನಿಂತುಬಿಡುತ್ತದೆ. ಹಾಗಾಗಿ ಕರೆಯನ್ನು ಸುರಂಗದಲ್ಲಿ ಇಟ್ಟು, ದೊಡ್ಡ ಕಡತಗಳನ್ನು ತಾನೇ ಗೂಢಲಿಪಿ ಬಳಸುವ ಎಚ್‌ಟಿಟಿಪಿಎಸ್ ಮೂಲಕ ಸುರಂಗದ ಹೊರಗೆ ಕಳುಹಿಸುವುದೇ ಸರಿ.

ನಮ್ಮ ಡಿಶ್ ವಾಹನ ನಿಂತಾಗ ಮಾತ್ರ ಕೆಲಸ ಮಾಡುತ್ತದೆ. ದಕ್ಷಿಣ ದಿಕ್ಕಿಗೆ ಬೇವಿನ ಮರವೋ ಗುಡಿಯ ಗೋಪುರವೋ ಅಡ್ಡವಿರದ ಜಾಗ ನೋಡಿರಿ. ನೆಲವನ್ನೂ ಅಷ್ಟೇ ಗಮನವಿಟ್ಟು ನೋಡಬೇಕು. ಮಳೆಗಾಲದಲ್ಲಿ ಎರೆ ಮಣ್ಣಿನ ಮೇಲೆ ನಿಲ್ಲಿಸಿದರೆ ಒಂದು ಬದಿಯ ಗಾಲಿ ನಿಧಾನವಾಗಿ ಕೆಳಗಿಳಿಯುತ್ತದೆ, 1.2 ಮೀಟರ್‌ನ ಕೆಯು ಬ್ಯಾಂಡ್ (ಉಪಗ್ರಹ ಸಂಪರ್ಕದ ಒಂದು ತರಂಗಪಟ್ಟಿ) ಡಿಶ್‌ನ ಕಿರಣದ ಅಗಲ ಸುಮಾರು ಒಂದೂವರೆ ಡಿಗ್ರಿ ಮಾತ್ರ ಇರುವುದರಿಂದ, ಒಂದು ಡಿಗ್ರಿ ವಾಲಿದರೂ ಸಂಪರ್ಕ ಸೊರಗುತ್ತದೆ. ಜಾಕ್‌ಗಳ ಕೆಳಗೆ ಶಹಾಬಾದ್ ಕಲ್ಲಿನ ಹಾಸುಗಳನ್ನು ಇಡುವುದು ನಮ್ಮ ರೂಢಿ. ಜೋರು ಮಳೆ ಸುರಿಯುವಾಗ ಕೆಯು ಬ್ಯಾಂಡ್ ಹೇಗೂ ದುರ್ಬಲವಾಗುವುದರಿಂದ, ವಿಡಿಯೋ ನಿಲ್ಲಿಸಿ ಧ್ವನಿಯನ್ನಷ್ಟೇ ಉಳಿಸಿಕೊಳ್ಳಿರಿ.

ಹೊರಡುವ ಮುನ್ನ ಆವರಣದಲ್ಲೇ ಪರೀಕ್ಷಿಸಿರಿ. ಒಬ್ಬರು ಕರೆಯಲ್ಲಿ ಒಂದರಿಂದ ಮೂವತ್ತರವರೆಗೆ, ಸೆಕೆಂಡಿಗೊಂದರಂತೆ ಎಣಿಸುತ್ತಿರಲಿ; ಹತ್ತಕ್ಕೆ ಬಂದಾಗ ಇನ್ನೊಬ್ಬರು 4ಜಿ ಮೋಡೆಮ್‌ನ ಕೇಬಲ್ ಕೀಳಲಿ. ಕೇಳಿಸದೆ ಹೋದ ಅಂಕಿಗಳನ್ನು ಆಸ್ಪತ್ರೆಯಲ್ಲಿರುವವರು ಬರೆದಿಟ್ಟುಕೊಳ್ಳಬೇಕು. ಮೂರ್ನಾಲ್ಕು ಅಂಕಿ ಹೋದರೆ ನಡೆಯುತ್ತದೆ. ಎಂಟು ಹತ್ತು ಹೋದರೆ, ಅಥವಾ ಕರೆಯೇ ನಿಂತರೆ, ಅದು ಸರಿಯಾಗುವ ತನಕ ವಾಹನವನ್ನು ಹೊರಡಿಸಬೇಡಿರಿ.