ಗಾಣದ ಎಣ್ಣೆ ವೆಬ್‌ಸೈಟಿಗೆ ನಾನೇ ಬರೆಯಲು ಕೂತಾಗ

ತಿಪಟೂರು ಕಡೆ ನಮ್ಮದೊಂದು ಮರದ ಗಾಣ. ಕೊಬ್ಬರಿ, ಕಡ್ಲೆಕಾಯಿ, ಹುಚ್ಚೆಳ್ಳು ಎಣ್ಣೆ ತೆಗೆಯುತ್ತೇವೆ. ಮೊದಲ ಸಲ ವೆಬ್‌ಸೈಟ್ ಮಾಡಿಸಿದಾಗ ಬರೆಯುವ ಕೆಲಸವನ್ನೂ ಅದನ್ನು ಮಾಡಿದವರಿಗೇ ಬಿಟ್ಟಿದ್ದೆ. ‘ಗುಣಮಟ್ಟವೇ ನಮ್ಮ ಉಸಿರು’ ಅಂತ ದೊಡ್ಡಕ್ಷರದಲ್ಲಿ ಹಾಕಿ, ಕೆಳಗೆ ಆಲಿವ್ ಕಾಯಿಯ ಫೋಟೋ ಇಟ್ಟರು. ನಮ್ಮ ಗಾಣಕ್ಕೆ ಆಲಿವ್ ಎಲ್ಲಿಂದ ಬರಬೇಕು? ಸುಮ್ನೆ ಒಂದು ವರ್ಷ ಹಾಗೇ ಇತ್ತು.

ಎರಡನೇ ಸಲ ನಾನೇ ಕೂತೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ, ಹಿಂದಿನ ಆರು ತಿಂಗಳು ಗಿರಾಕಿಗಳು ವಾಟ್ಸಾಪಿನಲ್ಲಿ ಕೇಳಿದ್ದನ್ನೆಲ್ಲ ಅವರ ಮಾತಲ್ಲೇ ಬರೆದುಕೊಂಡೆ. ಅದೇ ಪ್ರಶ್ನೆ ಮತ್ತೆ ಬಂದರೆ ಪಕ್ಕಕ್ಕೊಂದು ಗೀಟು. ಜಾಸ್ತಿ ಗೀಟು ಬೀಳುವುದು ಬೆಲೆಗೆ ಅಂದುಕೊಂಡಿದ್ದೆ. ಬಿದ್ದದ್ದು ಇದಕ್ಕೆ: ‘ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ, ಏನು ಬೆರೆಸಿದ್ದೀರಾ?’

ಹಾಗಾಗಿ ಮೊದಲು ಬರೆದ ಪುಟವೇ ಅದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ, ಬಿಸಿಲಿಗಿಟ್ಟರೆ ಕರಗುತ್ತದೆ. ಇಷ್ಟೇ ವಿಷಯ. ಆದರೆ ಓದಿದವರು ನಂಬಬೇಕಲ್ವಾ? ಒಂದೇ ಬಾಟಲಿಯನ್ನು ಅಂಗಳದ ಕಟ್ಟೆ ಮೇಲಿಟ್ಟು ಬೆಳಿಗ್ಗೆ ಆರೂವರೆಗೆ ಒಂದು, ಮಧ್ಯಾಹ್ನ ಒಂದು ಫೋಟೋ ತೆಗೆದೆ. ಬೆಳಗಿನದರಲ್ಲಿ ಬಿಳೀ ಮೇಣದ ಹಾಗೆ, ಮಧ್ಯಾಹ್ನದ್ದರಲ್ಲಿ ನೀರಿನ ಹಾಗೆ. ಈಗ ಯಾರಾದರೂ ಕೇಳಿದರೆ ಆ ಪುಟದ ಲಿಂಕ್ ಕಳಿಸುತ್ತೇನೆ, ಅಷ್ಟೇ.

ಮಿಕ್ಕ ಪುಟಗಳೂ ಗೀಟಿನ ಲೆಕ್ಕದಲ್ಲೇ ಬಂದವು. ‘ಒಂದು ಲೀಟರ್ ಅಂತೀರಾ, ತೂಕ ಹಾಕಿದರೆ 910 ಗ್ರಾಂ ಇದೆ’ ಅಂತ ಒಬ್ಬರು ಜಗಳಕ್ಕೇ ಬಂದಿದ್ದರು. ಎಣ್ಣೆ ನೀರಿಗಿಂತ ಹಗುರ, ಅದಕ್ಕೇ ಹಾಗೆ ಅಂತ ಎರಡು ಸಾಲು. ತಳದಲ್ಲಿ ಮಡ್ಡಿ ಯಾಕೆ, ಅಂಗಡಿ ಎಣ್ಣೆಗಿಂತ ದುಬಾರಿ ಯಾಕೆ ಅನ್ನುವುದಕ್ಕೂ ಉತ್ತರ ಬರೆದೆ. ಒಂದು ಲೀಟರ್ ಕಡ್ಲೆಕಾಯಿ ಎಣ್ಣೆಗೆ ನಮ್ಮಲ್ಲಿ ಹೆಚ್ಚುಕಮ್ಮಿ ಎರಡೂವರೆ ಕೆಜಿ ಬೀಜ ಬೇಕು. ಆ ಲೆಕ್ಕ ಬಿಡಿಸಿಟ್ಟ ಮೇಲೆ ಚೌಕಾಸಿ ಕಡಿಮೆಯಾಯಿತು. ‘ನಮ್ಮ ಬಗ್ಗೆ’ ಅನ್ನುವ ಪುಟಕ್ಕೆ ನಾಲ್ಕೇ ಸಾಲು. ನಮ್ಮ ತಾತನ ಕಥೆ ಯಾರಿಗೆ ಬೇಕು?

ಬೆಲೆ ವಿಷಯದಲ್ಲಿ ಮಾತ್ರ ಪೆಟ್ಟು ತಿಂದೆ. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ರೇಟು ಹರಾಜಿಂದ ಹರಾಜಿಗೆ ಏರಿಳಿಯುತ್ತದೆ. ನಾನು ಎಣ್ಣೆ ಬೆಲೆಯನ್ನು ಮುಖಪುಟದಲ್ಲಿ, ಎಣ್ಣೆಯ ಪುಟದಲ್ಲಿ, ಸಾಲದ್ದಕ್ಕೆ ಬ್ಯಾನರ್ ಚಿತ್ರದ ಒಳಗೂ ಬರೆದಿದ್ದೆ. ಎರಡು ಕಡೆ ತಿದ್ದಿ ಬ್ಯಾನರ್ ಮರೆತೆ. ಗಿರಾಕಿಯೊಬ್ಬರು ಸ್ಕ್ರೀನ್‌ಶಾಟ್ ಕಳಿಸಿ ‘ಈ ರೇಟಿಗೆ ಐದು ಲೀಟರ್ ಕೊಡಿ’ ಅಂದರು. ಕೊಟ್ಟೆ. ಈಗ ಬೆಲೆ ಇರುವುದು ಒಂದೇ ಪುಟದಲ್ಲಿ, ತಾರೀಖಿನ ಸಮೇತ.

ಹಳೇ ಸೈಟಿನ ‘ಬಿಪಿ, ಶುಗರ್‌ಗೆ ರಾಮಬಾಣ’ ಅನ್ನುವ ಸಾಲನ್ನು ಕಿತ್ತುಹಾಕಿದೆ. ತಿನ್ನುವ ಪದಾರ್ಥ ರೋಗ ವಾಸಿಮಾಡುತ್ತದೆ ಅಂತ ಜಾಹೀರಾತು ಮಾಡುವುದು ಕಾನೂನಿಗೆ ವಿರುದ್ಧ. ಆ ಜಾಗದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ನಂಬರ್ ಇದೆ.

ಪದಗಳ ಬಗ್ಗೆಯೂ ಒಂದು ಮಾತು. ನಮಗೆ ಕಡ್ಲೆಕಾಯಿ, ಹುಬ್ಬಳ್ಳಿಯವರಿಗೆ ಶೇಂಗಾ. ನಮ್ಮ ಹುಚ್ಚೆಳ್ಳು ಅವರಿಗೆ ಗುರೆಳ್ಳು. ಬೆಂಗಳೂರಿನವರು ಹುಡುಕುವುದು ‘ಕೋಲ್ಡ್ ಪ್ರೆಸ್ಡ್ ಆಯಿಲ್’. ಎಲ್ಲವನ್ನೂ ಬರೆದೆ, ನಾಚಿಕೆಪಡಲಿಲ್ಲ.

ಮೊನ್ನೆ ಒಬ್ಬರು ಅಜ್ಜಿ ಫೋನ್ ಮಾಡಿದ್ದರು. ‘ಗಟ್ಟಿಯಾಗೋದು ಯಾಕೆ ಅಂತ ಮೊಮ್ಮಗ ಓದಿ ಹೇಳ್ದ ಕಣಪ್ಪಾ, ಸರಿ. ಆದ್ರೆ ನಿನ್ನ ಬಾಟ್ಲಿ ಬಾಯೊಳಗೆ ಚಮಚನೇ ಹೋಗಲ್ವಲ್ಲ?’ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಅಗಲ ಬಾಯಿನ ಡಬ್ಬಿ ಹುಡುಕುತ್ತಿದ್ದೇನೆ.