ಎರಡು ಧೈವತ, ಎರಡು ನಿಷಾದ: ಜಾಝ್ ಗಿಟಾರ್‌ನ ಮೈನರ್ ಕೀಯಲ್ಲಿ ನನ್ನ ಅನುಭವ

ಜಾಝ್ ಗಿಟಾರ್ ಕಲಿಯುವವರಿಗೆ ಮೇಜರ್ ಕೀಯ (ಒಂದು ಆಧಾರಸ್ವರದ ಸುತ್ತ ನಿಲ್ಲುವ ಸ್ವರಗಳ ಕುಟುಂಬವೇ ಕೀ) ಎರಡು–ಐದು–ಒಂದು ಕಾರ್ಡ್ ಸರಣಿಯ ಮೇಲೆ, ಅಂದರೆ ಕೀಯ ಎರಡನೆಯ, ಐದನೆಯ, ಮೊದಲನೆಯ ಸ್ವರಗಳ ಮೇಲೆ ಕಟ್ಟಿದ ಸ್ವರಗುಚ್ಛಗಳ ಮೇಲೆ, ಮನೋಧರ್ಮದಿಂದ (ಸ್ಥಳದಲ್ಲೇ ಕಲ್ಪಿಸಿಕೊಂಡು) ನುಡಿಸುವುದು ಸಾಕಷ್ಟು ಬೇಗ ಒಲಿಯುತ್ತದೆ. ಅಲ್ಲಿ ಮೂರೂ ಕಾರ್ಡ್‌ಗಳು ಒಂದೇ ಏಳು ಸ್ವರಗಳಿಂದ ಹುಟ್ಟುವುದೇ ಇದಕ್ಕೆ ಕಾರಣ. ಮೈನರ್ ಕೀಯಲ್ಲಿ ಅದೇ ಸರಣಿ ಬಂದಾಗ ಆ ಅನುಕೂಲ ಉಳಿಯುವುದಿಲ್ಲ. ಜಿ ಮೈನರ್ ಕೀಯನ್ನೇ ತೆಗೆದುಕೊಂಡರೆ, ಎ ಹಾಫ್ ಡಿಮಿನಿಶ್ಡ್, ಡಿ ಸೆವೆನ್ ಫ್ಲ್ಯಾಟ್ ನೈನ್, ಜಿ ಮೈನರ್ ಸಿಕ್ಸ್ ಎಂಬ ಮೂರು ಕಾರ್ಡ್‌ಗಳಲ್ಲಿ ಮೊದಲಿನ ಎರಡು ಇ ಫ್ಲ್ಯಾಟ್ (ಇ ಸ್ವರಕ್ಕಿಂತ ಅರ್ಧ ಸ್ವರ ಕೆಳಗಿನ) ಸ್ವರವನ್ನು ಬಯಸುತ್ತವೆ, ಮೂರನೆಯದು ಇ ಸ್ವರವನ್ನು ಬಯಸುತ್ತದೆ, ನಡುವಿನ ಕಾರ್ಡಿಗಂತೂ ಎಫ್ ಶಾರ್ಪ್ (ಎಫ್ ಸ್ವರಕ್ಕಿಂತ ಅರ್ಧ ಸ್ವರ ಮೇಲಿನದು) ಇಲ್ಲದೆ ಜೀವವೇ ಇಲ್ಲ. ಇದಕ್ಕೆ ಪರಿಹಾರವಾಗಿ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕಾರ್ಡಿಗೊಂದರಂತೆ ಸ್ಕೇಲಿನ (ಸ್ವರಶ್ರೇಣಿಯ) ಹೆಸರನ್ನು ಕೊಡುತ್ತವೆ. ಹೆಸರುಗಳು ಸರಿಯಾಗಿಯೇ ಇರುತ್ತವೆ, ಆದರೆ ಒಂದು ಕಾರ್ಡ್ ಅರ್ಧ ಕ್ಷಣದಲ್ಲಿ ಕಳೆದುಹೋಗುವ ವೇಗದಲ್ಲಿ ಕಿವಿಯನ್ನು ನಡೆಸುವುದು ಹೆಸರಲ್ಲ. ನನಗೆ ದಾರಿ ತೋರಿಸಿದ್ದು ಬಾಲ್ಯದಲ್ಲಿ ಕಲಿತ ಕರ್ನಾಟಕ ಸಂಗೀತದ ಮೇಳಕರ್ತ ಪದ್ಧತಿ, ಅಂದರೆ ರಾಗಗಳನ್ನು ಏಳು ಸ್ವರಗಳ ಮೇಳಗಳಡಿ ವಿಂಗಡಿಸುವ ಕ್ರಮ.

ಎಪ್ಪತ್ತೆರಡು ಮೇಳಗಳನ್ನು ಆರಾರರಂತೆ ಗುಂಪು ಮಾಡಿದ ಚಕ್ರಗಳಲ್ಲಿ ನಾಲ್ಕನೆಯದಾದ ವೇದ ಚಕ್ರಕ್ಕೆ 19ರಿಂದ 24ರವರೆಗಿನ ಮೇಳಗಳು ಸೇರುತ್ತವೆ. ಈ ಆರೂ ಮೇಳಗಳಲ್ಲಿ ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮಗಳು ಸ್ಥಿರವಾಗಿರುತ್ತವೆ. ಬದಲಾಗುವುದು ಧೈವತ ಮತ್ತು ನಿಷಾದ ಮಾತ್ರ. ಈ ಚಕ್ರದ ನಡುವಿನ ನಾಲ್ಕು ಮೇಳಗಳಾದ 20ನೆಯ ನಠಭೈರವಿ, 21ನೆಯ ಕೀರವಾಣಿ, 22ನೆಯ ಖರಹರಪ್ರಿಯ ಮತ್ತು 23ನೆಯ ಗೌರಿಮನೋಹರಿಗಳ ಸ್ವರಸ್ಥಾನಗಳು, ಜಾಝ್ ಸಂಗೀತಗಾರರು ನ್ಯಾಚುರಲ್ ಮೈನರ್, ಹಾರ್ಮೋನಿಕ್ ಮೈನರ್, ಡೋರಿಯನ್ ಮತ್ತು ಮೆಲೋಡಿಕ್ ಮೈನರ್ ಎಂದು ಕರೆಯುವ ಸ್ಕೇಲುಗಳ ಸ್ವರಸ್ಥಾನಗಳೇ ಆಗಿವೆ. ಗಮಕ, ಸಂಚಾರ, ರಾಗಭಾವಗಳ ವಿಷಯ ಬೇರೆ. ನಾನು ಹೇಳುತ್ತಿರುವುದು ಸ್ವರಸ್ಥಾನಗಳ ಮಾತನ್ನು ಮಾತ್ರ. ಆದರೂ ಈ ಹೊಂದಿಕೆಯನ್ನು ಗಮನಿಸಿದ ಮೇಲೆ ಮೈನರ್ ಕೀಯ ಇಡೀ ಸಮಸ್ಯೆ ನನಗೆ ಒಂದೇ ಪ್ರಶ್ನೆಯಾಗಿ ಕಾಣತೊಡಗಿತು: ಈ ಕಾರ್ಡಿನ ಮೇಲೆ ಯಾವ ಧೈವತ, ಯಾವ ನಿಷಾದ? ಜಿ ಸ್ವರವನ್ನು ಷಡ್ಜವೆಂದು ಹಿಡಿದರೆ ಎ, ಬಿ ಫ್ಲ್ಯಾಟ್, ಸಿ, ಡಿ ಸ್ವರಗಳು ನಿಂತಲ್ಲೇ ನಿಲ್ಲುತ್ತವೆ. ಧೈವತವು ಇ ಫ್ಲ್ಯಾಟ್ ಮತ್ತು ಇ ನಡುವೆಯೂ, ನಿಷಾದವು ಎಫ್ ಮತ್ತು ಎಫ್ ಶಾರ್ಪ್ ನಡುವೆಯೂ ಓಡಾಡುತ್ತವೆ.

ಈ ಓಡಾಟವನ್ನು ಬೆರಳಿಗೆ ಕಲಿಸಲು ನಾನು ಬಳಸಿದ ಮೊದಲ ಅಭ್ಯಾಸ ಸರಳವಾದುದು. ಮೂರನೆಯ ಫ್ರೆಟ್ಟಿನಲ್ಲಿ (ಗಿಟಾರ್ ಕುತ್ತಿಗೆಯ ಮೆಟ್ಟಿಲಿನಲ್ಲಿ) ಜಿ ಮೈನರ್ ಬಾರ್ ಕಾರ್ಡನ್ನು (ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒತ್ತುವ ಕಾರ್ಡನ್ನು) ಹಿಡಿದು, ನಾಲ್ಕನೆಯ ತಂತಿಯ ಸ್ವರವನ್ನು ಮಾತ್ರ ಐದನೆಯ ಫ್ರೆಟ್ಟಿನಿಂದ ನಾಲ್ಕು, ಮೂರು, ಎರಡಕ್ಕೆ ಒಂದೊಂದಾಗಿ ಇಳಿಸಬೇಕು. ಷಡ್ಜ (ಜಿ), ಕಾಕಲಿ ನಿಷಾದ (ಎಫ್ ಶಾರ್ಪ್), ಕೈಶಿಕಿ ನಿಷಾದ (ಎಫ್), ಚತುಶ್ರುತಿ ಧೈವತಗಳು (ಇ) ಹೀಗೆ ಒಂದೇ ತಂತಿಯ ಮೇಲೆ ಸಾಲಾಗಿ ಕೇಳಿಸುತ್ತವೆ. ಅನೇಕ ಹಳೆಯ ಹಾಡುಗಳ ಆರಂಭದಲ್ಲಿ ಬರುವ ಈ ಇಳಿಜಾರನ್ನು ನಾನು ನಿಧಾನವಾಗಿ ನುಡಿಸುತ್ತ, ಜೊತೆಜೊತೆಗೆ ಸ್ವರಗಳ ಹೆಸರು ಹಿಡಿದು ಹಾಡುತ್ತಿದ್ದೆ. ಗಿಟಾರ್ ಅಭ್ಯಾಸದಲ್ಲಿ ಹಾಡುವುದನ್ನು ಬಿಡಬಾರದೆಂಬುದು ನನ್ನ ದೃಢವಾದ ನಂಬಿಕೆ. ಬಾಯಿಗೆ ಬಾರದ ಸ್ವರವನ್ನು ಬೆರಳು ಹುಡುಕುತ್ತದೆಯೇ ಹೊರತು ನುಡಿಸುವುದಿಲ್ಲ.

ಆಮೇಲೆ ನಾನು ಕೈಗೆತ್ತಿಕೊಂಡ ರಚನೆ ‘ಆಟಮ್ ಲೀವ್ಸ್’. ಜೋಸೆಫ್ ಕೋಸ್ಮಾ ಫ್ರಾನ್ಸಿನಲ್ಲಿ 1945ರಲ್ಲಿ ಸಂಯೋಜಿಸಿದ ಈ ರಾಗಧಾಟಿ ಮೈನರ್ ಕೀಯ ಅಭ್ಯಾಸಕ್ಕೆ ಬಹಳ ಯೋಗ್ಯವಾದುದು. ಸ್ಯಾಕ್ಸೋಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಮತ್ತು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಇದನ್ನು 1958ರಲ್ಲಿ ಜಿ ಮೈನರ್‌ನಲ್ಲಿ ಧ್ವನಿಮುದ್ರಿಸಿದ್ದರಿಂದ ಕಿವಿಗೆ ಒಳ್ಳೆಯ ಮಾದರಿಯೂ ಸಿಗುತ್ತದೆ. ಇದರ ಮೊದಲ ಎಂಟು ಬಾರ್‌ಗಳಲ್ಲಿ (ತಾಳದ ಆವರ್ತದಂಥ ಘಟಕಗಳಲ್ಲಿ) ಸಿ ಮೈನರ್‌ನಿಂದ ಹೊರಟು ಎ ಹಾಫ್ ಡಿಮಿನಿಶ್ಡ್ ತಲುಪುವವರೆಗೆ ಬಿ ಫ್ಲ್ಯಾಟ್ ಮೇಜರಿನ ಏಳು ಸ್ವರಗಳೇ ಸಾಕು, ಅಂದರೆ ನಮ್ಮ ಲೆಕ್ಕದಲ್ಲಿ ನಠಭೈರವಿಯ ಸ್ವರಗಳು. ಡಿ ಸೆವೆನ್ ಬಂದ ಕ್ಷಣ ನಿಷಾದ ಕಾಕಲಿಗೆ ಏರುತ್ತದೆ, ಕೀರವಾಣಿ ಮೂಡುತ್ತದೆ. ಜಿ ಮೈನರಿಗೆ ಬಂದು ನಿಂತಾಗ ಧೈವತ ಚತುಶ್ರುತಿಗೆ ಏರಿದರೆ ಗೌರಿಮನೋಹರಿಯ ಸ್ವರಗಳು ತೆರೆದುಕೊಳ್ಳುತ್ತವೆ. ನಾಲ್ಕು ಬಾರ್‌ಗಳ ಒಳಗೆ ಮೂರು ಮೇಳಗಳು ಬಂದುಹೋಗುತ್ತವೆ, ಆದರೆ ಕದಲಿದ್ದು ಎರಡೇ ಸ್ವರಗಳು.

ಈ ಎರಡು ಸ್ವರಗಳ ಸುತ್ತಲೇ ನಾನು ಪದಪುಂಜಗಳನ್ನು (ಸಣ್ಣ ಸ್ವರಸಾಲುಗಳನ್ನು) ಕಟ್ಟಿದೆ. ಎ ಹಾಫ್ ಡಿಮಿನಿಶ್ಡ್ ಕಾರ್ಡಿನ ಜಿ ಸ್ವರ, ಡಿ ಸೆವೆನ್ ಬಂದೊಡನೆ ಎಫ್ ಶಾರ್ಪಿಗೆ ಇಳಿಯುತ್ತದೆ. ಎರಡೂ ಕಾರ್ಡ್‌ಗಳ ಮೇಲೆ ನಿಂತಿದ್ದ ಇ ಫ್ಲ್ಯಾಟ್, ಜಿ ಮೈನರ್ ಬಂದಾಗ ಪಂಚಮವಾದ ಡಿಗೆ ಇಳಿಯುತ್ತದೆ. ಮೊದಮೊದಲು ಪ್ರತಿ ಬಾರ್‌ಗೆ ಒಂದೇ ಸ್ವರದಂತೆ ಈ ಇಳಿಕೆಗಳನ್ನಷ್ಟೇ ನುಡಿಸಿದೆ, ಅನಂತರ ನಡುವಿನ ಜಾಗವನ್ನು ಎಂಟನೇ ಭಾಗದ ಸ್ವರಗಳಿಂದ (ಎಣಿಕೆಗೆ ಎರಡರಂತೆ) ತುಂಬಿದೆ. ಬದಲಾದ ಸ್ವರವು ಬಾರಿನ ಮೊದಲ ಎಣಿಕೆಯ ಮೇಲೆ ಅಥವಾ ಅದಕ್ಕಿಂತ ಅರ್ಧ ಎಣಿಕೆ ಮುಂಚೆ ಬಿದ್ದರೆ, ಪಕ್ಕವಾದ್ಯವಿಲ್ಲದೆಯೂ ಕೇಳುಗರಿಗೆ ಕಾರ್ಡ್ ಬದಲಾದದ್ದು ತಿಳಿಯುತ್ತದೆ. ನನ್ನ ವಾದನವನ್ನು ಪರೀಕ್ಷಿಸಲು ನಾನು ಇಂದಿಗೂ ಬಳಸುವ ಅಳತೆಗೋಲು ಇದೇ. ಡಿ ಸೆವೆನ್ ಫ್ಲ್ಯಾಟ್ ನೈನ್ ಕಾರ್ಡಿನಿಂದ ಡಿ ಸ್ವರವನ್ನು ತೆಗೆದರೆ ಎಫ್ ಶಾರ್ಪ್, ಎ, ಸಿ, ಇ ಫ್ಲ್ಯಾಟ್ ಉಳಿಯುತ್ತವೆ. ಇದು ಡಿಮಿನಿಶ್ಡ್ ಸೆವೆಂತ್ ಕಾರ್ಡ್. ಇದರ ಸ್ವರಗಳ ನಡುವಿನ ಅಂತರಗಳೆಲ್ಲ ಸಮವಾಗಿರುವುದರಿಂದ ಒಂದೇ ಬೆರಳು ವಿನ್ಯಾಸವನ್ನು ಮೂರು ಮೂರು ಫ್ರೆಟ್ ಮೇಲಕ್ಕೆ ಸರಿಸುತ್ತ ಹೋಗಬಹುದು. ಗಿಟಾರ್ ಈ ವಿಷಯದಲ್ಲಿ ಪಿಯಾನೋಗಿಂತ ಉದಾರಿ.

ಜಿ ಮೈನರ್ ಕಾರ್ಡಿಗೆ ಬಂದು ನಿಂತಾಗ ಯಾವ ಧೈವತ ನುಡಿಸಬೇಕೆಂಬುದು ನನ್ನ ಮಟ್ಟಿಗೆ ಬಹಳ ಮಹತ್ವದ ವಿಷಯ. ಅಲ್ಲಿ ಮೈನರ್ ಸೆವೆಂತ್ ಕಾರ್ಡ್ ಹಿಡಿದರೆ ಅದು ಎಫ್ ಮೇಜರಿನ ಎರಡನೆಯ ಕಾರ್ಡಿನಂತೆಯೂ ಕೇಳಿಸಬಹುದು, ಮುಂದೆ ಎಲ್ಲಿಗೋ ಹೋಗಬೇಕೆಂಬ ತವಕ ಅದರಲ್ಲಿದೆ. ಮೈನರ್ ಸಿಕ್ಸ್ ಕಾರ್ಡಿನಲ್ಲಿ ಆ ತವಕವಿಲ್ಲ, ಮನೆ ಸೇರಿದ ನೆಮ್ಮದಿಯಿದೆ. ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ಮತ್ತು ಪಿಟೀಲು ವಾದಕ ಸ್ಟೆಫಾನ್ ಗ್ರಪೆಲ್ಲಿ 1937ರಲ್ಲಿ ಪ್ಯಾರಿಸ್‌ನಲ್ಲಿ ಧ್ವನಿಮುದ್ರಿಸಿದ ‘ಮೈನರ್ ಸ್ವಿಂಗ್’ ಕೇಳಿದರೆ ಇದು ಸ್ಪಷ್ಟವಾಗುತ್ತದೆ. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳಿಗೆ ಶಾಶ್ವತವಾದ ಊನವಾದ ಮೇಲೂ ಜ್ಯಾಂಗೋ ಮೈನರ್ ಸಿಕ್ಸ್ ಮತ್ತು ಡಿಮಿನಿಶ್ಡ್ ಸ್ವರಗಳ ಮೇಲೆ ಕಟ್ಟಿದ ಪದಪುಂಜಗಳನ್ನು ನಾನು ಅಕ್ಷರಶಃ ಬಾಯಿಪಾಠ ಮಾಡಿದ್ದೇನೆ. ಮೈನರ್ ಕೀ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವನ್ನು ನಾನು ಕಂಡಿಲ್ಲ.

ಐದನೆಯ ಕಾರ್ಡಾದ ಡಿ ಸೆವೆನ್ ಮೇಲೆ ಇನ್ನಷ್ಟು ಬಿಗಿತ ಬೇಕೆನಿಸಿದಾಗ ನಾನು ಹೊರಳಿದ್ದು ಫಿಲಡೆಲ್ಫಿಯಾದ ಗಿಟಾರ್ ವಾದಕ ಪ್ಯಾಟ್ ಮಾರ್ಟಿನೋ ಅವರ ಕಡೆಗೆ. 1980ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯಾಗಿ ನೆನಪನ್ನು ಕಳೆದುಕೊಂಡು, ಗಿಟಾರ್ ವಾದನವನ್ನು ಮತ್ತೆ ಮೊದಲಿನಿಂದ ಕಲಿತ ಕಲಾವಿದರು ಅವರು. ಪ್ರತಿ ಕಾರ್ಡನ್ನೂ ಯಾವುದಾದರೊಂದು ಮೈನರ್ ಆಗಿ ಪರಿವರ್ತಿಸಿ ಯೋಚಿಸುವುದು ಅವರ ವಿಧಾನ. ಎ ಹಾಫ್ ಡಿಮಿನಿಶ್ಡ್ ಕಾರ್ಡಿನ ನಾಲ್ಕು ಸ್ವರಗಳು ಸಿ ಮೈನರ್ ಸಿಕ್ಸ್ ಕಾರ್ಡಿನ ಸ್ವರಗಳೇ ಆಗಿರುವುದರಿಂದ ಅಲ್ಲಿ ಸಿ ಮೈನರ್, ಡಿ ಸೆವೆನ್ ಮೇಲೆ ಇ ಫ್ಲ್ಯಾಟ್ ಮೈನರ್, ಕೊನೆಯಲ್ಲಿ ಜಿ ಮೈನರ್. ಐದನೆಯ ತಂತಿಯಲ್ಲಿ ಇವುಗಳ ಆಧಾರಸ್ವರಗಳು ಮೂರು, ಆರು ಮತ್ತು ಹತ್ತನೆಯ ಫ್ರೆಟ್ಟುಗಳಲ್ಲಿವೆ; ಮೆಲೋಡಿಕ್ ಮೈನರಿನ ಒಂದೇ ವಿನ್ಯಾಸವನ್ನು ಮೇಲಕ್ಕೆ ಸರಿಸಿದರಾಯಿತು. ಇ ಫ್ಲ್ಯಾಟ್ ಮೆಲೋಡಿಕ್ ಮೈನರಿನಲ್ಲಿ ಎ ಫ್ಲ್ಯಾಟ್ ಬರುತ್ತದೆ, ಅಂದರೆ ಅದುವರೆಗೆ ಸ್ಥಿರವಾಗಿದ್ದ ರಿಷಭವೂ ಶುದ್ಧ ರಿಷಭವಾಗಿ ಕದಲುತ್ತದೆ, ವೇದ ಚಕ್ರದ ಚೌಕಟ್ಟೇ ಒಂದು ಕ್ಷಣ ಒಡೆಯುತ್ತದೆ. ಹಾಗೆ ಒಡೆದದ್ದು ಕೇಳುಗರಿಗೆ ರುಚಿಸಬೇಕಾದರೆ ಮುಂದಿನ ಬಾರಿನಲ್ಲಿ ಆ ಎ ಫ್ಲ್ಯಾಟ್ ತಪ್ಪದೆ ಜಿ ಸ್ವರಕ್ಕೆ ಇಳಿಯಬೇಕು. ಇನ್ನು ಎ ಹಾಫ್ ಡಿಮಿನಿಶ್ಡ್ ಮೇಲೆ ಸಿ ಮೆಲೋಡಿಕ್ ಮೈನರ್ ನುಡಿಸಿದರೆ ಬಿ ಸ್ವರ ಬಂದು, ಜಿ ಮೈನರಿನ ಗಾಂಧಾರವಾದ ಬಿ ಫ್ಲ್ಯಾಟಿನ ಬಣ್ಣವನ್ನು ಮುಂಚಿತವಾಗಿಯೇ ಕೆಡಿಸುತ್ತದೆ ಎಂಬುದು ನನ್ನ ಅಭಿಪ್ರಾಯ; ನಿಧಾನಗತಿಯ ರಚನೆಗಳಲ್ಲಿ ನಾನು ಅದನ್ನು ದೂರವಿಡುತ್ತೇನೆ.

ಕರ್ನಾಟಕ ಸಂಗೀತದ ಹಿನ್ನೆಲೆಯವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ತಂಬೂರಿಯ ಷಡ್ಜ ಕದಲುವುದಿಲ್ಲ, ಆದರೆ ಜಾಝ್‌ನಲ್ಲಿ ಬಾಸ್ ವಾದಕರು ಪ್ರತಿ ಬಾರಿನಲ್ಲೂ ನೆಲವನ್ನೇ ಬದಲಿಸುತ್ತಾರೆ. ಎಫ್ ಶಾರ್ಪ್ ಸ್ವರವನ್ನು ಷಡ್ಜದ ಕೆಳಗಿನ ನಿಷಾದವೆಂದಷ್ಟೇ ಅಲ್ಲದೆ ಡಿ ಕಾರ್ಡಿನ ಅಂತರ ಗಾಂಧಾರವೆಂದೂ ಕೇಳಲು ಕಲಿಯಬೇಕು. ಇದಕ್ಕಾಗಿ ನಾನು ಆರನೆಯ ಮತ್ತು ಐದನೆಯ ತಂತಿಗಳಲ್ಲಿ ಕಾರ್ಡ್‌ಗಳ ಮೂಲಸ್ವರಗಳನ್ನಷ್ಟೇ ನುಡಿಸಿ ಧ್ವನಿಮುದ್ರಿಸಿಕೊಂಡು, ಮೆಟ್ರೊನೋಮನ್ನು (ಲಯ ತೋರಿಸುವ ಯಂತ್ರವನ್ನು) ಎರಡು ಮತ್ತು ನಾಲ್ಕನೆಯ ಎಣಿಕೆಗಳಿಗೆ ಹೊಂದಿಸಿ, ಅದರ ಮೇಲೆ ನುಡಿಸುತ್ತೇನೆ. ಜಿ ಮೈನರ್ ಹದಕ್ಕೆ ಬಂದ ಮೇಲೆ ಅದೇ ರಚನೆಯನ್ನು ಇ ಮೈನರಿಗೆ ಒಯ್ದೆ. ಅಲ್ಲಿ ಸಿ ಮತ್ತು ಸಿ ಶಾರ್ಪ್ ಧೈವತಗಳು, ಡಿ ಮತ್ತು ಡಿ ಶಾರ್ಪ್ ನಿಷಾದಗಳು. ತೆರೆದ ತಂತಿಗಳು ಜೊತೆಗೆ ದನಿಗೂಡಿಸುವುದರಿಂದ ಪದಪುಂಜಗಳನ್ನೆಲ್ಲ ಹೊಸ ಬೆರಳು ವಿನ್ಯಾಸದಲ್ಲಿ ಮತ್ತೆ ಕಟ್ಟಬೇಕಾಯಿತು, ಆ ಕೆಲಸ ಈಗಲೂ ನಡೆಯುತ್ತಿದೆ.