ಡಿಸೆಂಬರಿನ ಅಡುಗೆಮನೆ: ಕಾಸರಗೋಡಿಗೆ ಹೊಸದಾಗಿ ಬಂದ ಮನೆಯವರಿಗೆ

ವರ್ಗಾವಣೆಯಿಂದಲೋ ಮಕ್ಕಳ ಓದಿಗೆಂದೋ ಘಟ್ಟದ ಮೇಲಿನಿಂದ ಕಾಸರಗೋಡಿಗೆ ಬಂದವರಿಗೆ ಇಲ್ಲಿಯ ಡಿಸೆಂಬರ್ ಹೊಸತು. ಪಕ್ಕದ ಮನೆಯಿಂದ ಕೇಕ್ ಬರುತ್ತದೆ, ಎದುರು ಮನೆಯಿಂದ ತಿರುವಾದಿರ ಹಬ್ಬದ ಗಡ್ಡೆಗಳ ಅಡುಗೆ ಪುಳುಕ್ಕ್ ಬರುತ್ತದೆ, ಬೇಳದ ಕಡೆಯ ಕೊಂಕಣಿ ಕ್ರೈಸ್ತ ಗೆಳೆಯರಿದ್ದರೆ ಒಂದು ತಟ್ಟೆ ಕುಸ್ವಾರ್ (ಕ್ರಿಸ್ಮಸ್ಸಿಗೆ ಹಂಚುವ ಬಗೆಬಗೆಯ ತಿಂಡಿ) ಬರುತ್ತದೆ. ಶಾಲೆಯವರು ಒಂದೊಂದು ದೇಶದ ಚಳಿಗಾಲದ ಹಬ್ಬದ ತಿಂಡಿ ತರಲು ಮಕ್ಕಳಿಗೆ ಹೇಳಿ ಕಳಿಸುವುದೂ ಉಂಟು. ಆಗ ಮೊಬೈಲಿನಲ್ಲಿ ಸಿಕ್ಕಿದ ಜರ್ಮನಿಯ ಅಥವಾ ಇಂಗ್ಲೆಂಡಿನ ಪಾಕವನ್ನು ಇದ್ದ ಹಾಗೆಯೇ ಮಾಡಲು ಹೊರಟರೆ ಹೆಚ್ಚಾಗಿ ಕೆಡುತ್ತದೆ.

ಅದಕ್ಕೆ ಕಾರಣ ಇಲ್ಲಿಯ ಹವೆ. ಆ ಪಾಕಗಳು ಹುಟ್ಟಿದ್ದು ಅಡುಗೆಮನೆಯೊಳಗೆ 18ರಿಂದ 20 ಡಿಗ್ರಿ ಇರುವ, ಗಾಳಿ ಒಣಗಿರುವ ಊರುಗಳಲ್ಲಿ. ನಮ್ಮಲ್ಲಿ ಡಿಸೆಂಬರಿನ ಹಗಲು 32 ಡಿಗ್ರಿಯ ಆಸುಪಾಸು, ಜೊತೆಗೆ ಕಡಲಿನ ತೇವ. ಬೆಣ್ಣೆ ಕರಗುತ್ತದೆ, ಗರಿಗರಿಯಾದದ್ದು ಮೆತ್ತಗಾಗುತ್ತದೆ, ಹಣ್ಣಿನ ರಸ ಹುಳಿಯುತ್ತದೆ. ಹಾಗಾಗಿ ತೆಂಗು, ಅಕ್ಕಿ, ಬೆಲ್ಲ, ಬಾಳೆಲೆಯಲ್ಲಿ ಆಗುವ ದೇಶಗಳ ತಿಂಡಿಯನ್ನು ಮೊದಲು ಆರಿಸಿಕೊಳ್ಳಿ. ಬೆಣ್ಣೆ, ಕೆನೆ, ಸಕ್ಕರೆ ಹುಡಿಯ ತಿಂಡಿಗಳನ್ನು ಮಾಡುವುದಾದರೆ ಕೆಳಗೆ ಹೇಳಿದ ಬದಲಾವಣೆಗಳೊಂದಿಗೆ ಮಾಡಿ.

ಅಂಗಡಿಗೆ ಹೋಗುವ ಮೊದಲು

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಅಂಗಡಿಗಳಲ್ಲಿ ಕನ್ನಡ ನಡೆಯುತ್ತದೆ. ಕಾಞಂಗಾಡ್, ನೀಲೇಶ್ವರದ ಕಡೆ ಮಲಯಾಳ ಬೇಕು. ಅಲ್ಲಿ ‘ಶರ್ಕರ’ ಎಂದರೆ ಬೆಲ್ಲ. ಸಕ್ಕರೆ ಬೇಕಿದ್ದರೆ ‘ಪಂಚಸಾರ’ ಎನ್ನಿ. ದಾಲ್ಚಿನ್ನಿಗೆ ‘ಕರುವಪ್ಪಟ್ಟ’, ಲವಂಗಕ್ಕೆ ‘ಗ್ರಾಂಪೂ’, ಜಾಯಿಕಾಯಿಗೆ ‘ಜಾದಿಕ್ಕ’, ಕೂವೆ (ಆರಾರೂಟ್) ಹುಡಿಗೆ ‘ಕೂವಪ್ಪೊಡಿ’. ಬೇಕರಿಯಲ್ಲಿ ಮೊಟ್ಟೆ ಇದೆಯೇ ಎಂದು ಕೇಳಲು ‘ಮುಟ್ಟ ಉಂಡೋ?’ ಎಂದರೆ ಸಾಕು. ಪ್ಲಮ್ ಕೇಕಿನಲ್ಲಿ ಮೊಟ್ಟೆ ಇರುವುದೇ ಸಾಮಾನ್ಯ, ಕೆಲವದರಲ್ಲಿ ರಮ್ ಕೂಡ ಇರುತ್ತದೆ. ನೀವು ತಿನ್ನುವವರಾದರೂ ಇದನ್ನು ಕೇಳಿ ತಿಳಿದಿರಬೇಕು. ಅದೇ ಕೇಕನ್ನು ಮುಸ್ಲಿಂ ನೆರೆಯವರಿಗೋ ಮೊಟ್ಟೆ ತಿನ್ನದವರಿಗೋ ಕೊಡುವಾಗ ಹೇಳಿ ಕೊಡುವುದು ಇಲ್ಲಿಯ ಮರ್ಯಾದೆ. ಜೆಲ್ಲಿ ಮತ್ತು ಮಾರ್ಷ್‌ಮೆಲ್ಲೊಗಳಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಜನ್ಯ. ಇಂಗ್ಲೆಂಡಿನ ಮಿನ್ಸ್ ಪೈ ಮತ್ತು ಕ್ರಿಸ್ಮಸ್ ಪುಡ್ಡಿಂಗಿನ ಹಳೆಯ ಪಾಕದಲ್ಲಿ ದನದ ಕೊಬ್ಬು ಸೇರುತ್ತದೆ. ಮನೆಯಲ್ಲಿ ಮಾಡುವವರು ಅದರ ಬದಲು ತಣ್ಣಗಿನ ಬೆಣ್ಣೆಯನ್ನು ತುರಿದು ಹಾಕಬಹುದು.

ಇನ್ನೊಂದು ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. ಕೇಕಿನ ಹಣ್ಣು ನೆನೆಸಲೆಂದು ಮಂಗಳೂರಿನಿಂದ ರಮ್ ಅಥವಾ ವೈನ್ ಬಾಟಲಿಯನ್ನು ತಲಪಾಡಿ ಗಡಿ ದಾಟಿಸಿ ತರಬೇಡಿ. ಪರವಾನಗಿ ಇಲ್ಲದೆ ಹೊರ ರಾಜ್ಯದ ಮದ್ಯ ತರುವುದು ಕೇರಳದ ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಮನೆಯಲ್ಲಿ ದ್ರಾಕ್ಷಿ ವೈನ್ ಮಾಡುವುದಕ್ಕೂ ಪರವಾನಗಿ ಬೇಕು. ಕರ್ನಾಟಕದಲ್ಲಿ ಮದ್ಯ ಕೊಳ್ಳಲು 21 ವರ್ಷ ಸಾಕೆಂದು ತಿಳಿದು ಬಂದ ಯುವಕರಿಗೂ ಹೇಳಿಡಿ: ಇಲ್ಲಿ 23 ತುಂಬಿರಬೇಕು. ಈ ಬರಹದಲ್ಲಿರುವ ಎಲ್ಲ ಪಾಕಗಳೂ ಮದ್ಯವಿಲ್ಲದೆ ಆಗುತ್ತವೆ.

ಪ್ಲಮ್ ಕೇಕ್

ಕೇರಳದಲ್ಲಿ ಕ್ರಿಸ್ಮಸ್ ಕೇಕಿನ ಕಥೆ ತಲಶ್ಶೇರಿಯಿಂದ ಶುರುವಾಗುತ್ತದೆ. 1883ರಲ್ಲಿ ಅಲ್ಲಿಯ ಬಿಸ್ಕತ್ತು ತಯಾರಕ ಮಾಂಬಳ್ಳಿ ಬಾಪು ಅವರು ಬ್ರೌನ್ ಎಂಬ ಇಂಗ್ಲಿಷ್ ತೋಟಗಾರನಿಗಾಗಿ ಮೊದಲ ಕೇಕ್ ಬೇಯಿಸಿದರು ಎಂದು ಹೇಳುತ್ತಾರೆ. ಇಂದು ಮತಭೇದವಿಲ್ಲದೆ ಎಲ್ಲರೂ ಕೊಂಡು ಹಂಚುವ ತಿಂಡಿ ಇದು.

20 ಸೆಂಟಿಮೀಟರ್ ಅಗಲದ ದುಂಡು ತಟ್ಟೆಗೆ ಬೇಕಾದ್ದು: ಒಣಹಣ್ಣು 300 ಗ್ರಾಂ (ಕಪ್ಪು ದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ, ಚೆರ್ರಿ), ಗೇರುಬೀಜ 50 ಗ್ರಾಂ, ಮೈದಾ 200 ಗ್ರಾಂ, ಬೆಣ್ಣೆ 200 ಗ್ರಾಂ, ಹುಡಿ ಮಾಡಿದ ಸಕ್ಕರೆ 150 ಗ್ರಾಂ, ಮೊಟ್ಟೆ 4, ಬೇಕಿಂಗ್ ಪೌಡರ್ 1 ಟೀ ಚಮಚ, ದಾಲ್ಚಿನ್ನಿ, ಲವಂಗ, ಜಾಯಿಕಾಯಿಯ ಹುಡಿ ಸೇರಿ ಮುಕ್ಕಾಲು ಟೀ ಚಮಚ. ಬಣ್ಣಕ್ಕೆ ಮತ್ತೆ 100 ಗ್ರಾಂ ಸಕ್ಕರೆ.

ಹಣ್ಣನ್ನು 150 ಮಿಲಿಲೀಟರ್ ಕಿತ್ತಳೆ ರಸದಲ್ಲಿ 5 ನಿಮಿಷ ಕುದಿಸಿ, ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿ 2 ಅಥವಾ 3 ದಿನ ಇಡಿ. ತಿಂಗಳುಗಟ್ಟಲೆ ಹೊರಗೆ ನೆನೆಸಿಡುವ ಪದ್ಧತಿ ರಮ್ಮಿನಲ್ಲಿ ಮಾತ್ರ ನಡೆಯುತ್ತದೆ, ಏಕೆಂದರೆ ಅಲ್ಲಿ ಕೆಡದಂತೆ ಕಾಯುವುದು ಮದ್ಯಸಾರ. ರಸವನ್ನು ಹಾಗೆ ಹೊರಗಿಟ್ಟರೆ ಎರಡನೇ ದಿನವೇ ನೊರೆ ಬರುತ್ತದೆ.

ಬಣ್ಣದ ಪಾಕಕ್ಕೆ 100 ಗ್ರಾಂ ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ನೀರಿಲ್ಲದೆ ಕರಗಿಸಿ. ಗಾಢ ಕೆಂಪು ಕಂದಾದ ಕೂಡಲೇ ಒಲೆಯಿಂದ ಇಳಿಸಿ, ಕೈಯನ್ನು ದೂರ ಹಿಡಿದು 75 ಮಿಲಿಲೀಟರ್ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ತಣ್ಣೀರು ಹಾಕಿದರೆ ಸಿಡಿಯುತ್ತದೆ, ಸಕ್ಕರೆ ಗಟ್ಟಿ ಉಂಡೆಯಾಗುತ್ತದೆ. ಕಪ್ಪಾಗಿ ಹೊಗೆ ಬಂದಿದ್ದರೆ ಚೆಲ್ಲಿ ಮತ್ತೆ ಮಾಡಿ, ಆ ಕಹಿ ಕೇಕಿಗಿಡೀ ಹರಡುತ್ತದೆ.

ಹೆಚ್ಚು ಜನ ಎಡವುವುದು ಬೆಣ್ಣೆಯಲ್ಲಿ. ‘ಕೋಣೆಯ ಉಷ್ಣತೆಯ ಬೆಣ್ಣೆ’ ಎಂದು ಪುಸ್ತಕ ಹೇಳುವುದು 20 ಡಿಗ್ರಿಯ ಕೋಣೆಯ ಲೆಕ್ಕದಲ್ಲಿ. ಇಲ್ಲಿ ಬೆಣ್ಣೆಯನ್ನು ಒಂದು ಗಂಟೆ ಹೊರಗಿಟ್ಟರೆ ಅರ್ಧ ಎಣ್ಣೆಯಾಗಿರುತ್ತದೆ. ಅದು ಗಾಳಿಯನ್ನು ಹಿಡಿದಿಡುವುದಿಲ್ಲ, ಕೇಕ್ ಗಟ್ಟಿಯಾಗಿ ಕೂತುಬಿಡುತ್ತದೆ. ಬೆರಳು ಒತ್ತಿದರೆ ಗುಳಿ ಬೀಳಬೇಕು, ಆದರೆ ಮೇಲೆ ಹೊಳಪು ಬಂದಿರಬಾರದು. ಫ್ರಿಜ್ಜಿನಿಂದ ತೆಗೆದು ಚೂರು ಮಾಡಿ 10 ನಿಮಿಷ ಇಟ್ಟರೆ ಆ ಹದ ಸಿಗುತ್ತದೆ. ಬೆಣ್ಣೆ ಮತ್ತು ಸಕ್ಕರೆಯನ್ನು ಬಿಳಿಚುವ ತನಕ ಕಡೆದು, ಮೊಟ್ಟೆಯನ್ನು ಒಂದೊಂದಾಗಿ ಸೇರಿಸಿ. ಒಡೆದ ಹಾಲಿನಂತೆ ಕಂಡರೆ ಒಂದು ದೊಡ್ಡ ಚಮಚ ಮೈದಾ ಹಾಕಿ ಕಡೆಯಿರಿ, ಸೇರಿಕೊಳ್ಳುತ್ತದೆ. ಮೈದಾ, ಬೇಕಿಂಗ್ ಪೌಡರ್, ಮಸಾಲೆ ಹುಡಿಗಳನ್ನು ಒಟ್ಟಿಗೆ ಜರಡಿ ಹಿಡಿದು, ಅದರಲ್ಲಿ ಎರಡು ದೊಡ್ಡ ಚಮಚ ತೆಗೆದಿಟ್ಟುಕೊಂಡು, ಉಳಿದದ್ದನ್ನು ಆರಿದ ಪಾಕದೊಂದಿಗೆ ಹಗುರವಾಗಿ ಕಲಸಿ. ತೆಗೆದಿಟ್ಟ ಹಿಟ್ಟಿನಲ್ಲಿ ರಸ ಸೋಸಿದ ಹಣ್ಣು ಮತ್ತು ಗೇರುಬೀಜವನ್ನು ಹೊರಳಿಸಿ ಕೊನೆಗೆ ಹಾಕಿ. ಒದ್ದೆ ಹಣ್ಣು ಹಾಗೇ ಬಿದ್ದರೆ ಜಾರಿ ತಳ ಸೇರುತ್ತದೆ.

ತಟ್ಟೆಗೆ ಎರಡು ಪದರ ಕಾಗದ ಹಾಸಿ, ಮೊದಲೇ ಕಾಯಿಸಿದ ಓವನ್‌ನಲ್ಲಿ 160 ಡಿಗ್ರಿಯಲ್ಲಿ 70ರಿಂದ 80 ನಿಮಿಷ ಬೇಯಿಸಿ. 50 ನಿಮಿಷಕ್ಕೇ ಮೇಲ್ಭಾಗ ಕಪ್ಪೇರಿದರೆ ಮೇಲೊಂದು ಫಾಯಿಲ್ ಮುಚ್ಚಿ. ಪೂರ್ತಿ ಆರಿದ ಮೇಲೆಯೇ ಸುತ್ತಿಡಿ. ಬೆಚ್ಚಗಿರುವಾಗ ಸುತ್ತಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ರಸದಲ್ಲಿ ನೆನೆಸಿದ ಕೇಕ್ ಹೊರಗೆ 3 ದಿನ, ಫ್ರಿಜ್ಜಿನಲ್ಲಿ 2 ವಾರ ಎಂದು ಲೆಕ್ಕವಿಡಿ.

ಅಚ್ಚಪ್ಪ ಮತ್ತು ಕುಸ್ವಾರಿನ ತಟ್ಟೆ

ಹೂವಿನಾಕಾರದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಬಿಡುವ ಅಚ್ಚಪ್ಪ ಇಲ್ಲಿ ಕ್ರಿಸ್ಮಸ್ಸಿಗೆ ಆಗಲೇಬೇಕು. ಇದೇ ಬಗೆಯ ಅಚ್ಚಿನಲ್ಲಿ ನಾರ್ವೆಯವರು ಮೈದಾ, ಹಾಲು, ಮೊಟ್ಟೆಯ ಹಿಟ್ಟಿನಿಂದ ರೊಸೆಟ್‌ಬಕ್ಕೆಲ್ಸ್ ಮಾಡುತ್ತಾರೆ, ಸ್ವೀಡನ್ನಿನಲ್ಲಿ ಅದು ಸ್ಟ್ರೂವೊರ್. ಶಾಲೆಗೆ ‘ಬೇರೆ ದೇಶದ ತಿಂಡಿ’ ಬೇಕೆಂದರೆ ನಮ್ಮ ಮೊದಲ ಸಲಹೆ ಇದೇ. ಒಂದು ಅಚ್ಚು ಕೊಂಡರೆ ಎರಡು ಕಡೆಯದೂ ಆಗುತ್ತದೆ.

2 ಲೋಟ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿಯನ್ನು 4 ಗಂಟೆ ನೆನೆಸಿ, ಸುಮಾರು 1 ಲೋಟ ದಪ್ಪ ತೆಂಗಿನ ಹಾಲಿನಲ್ಲಿ ನುಣ್ಣಗೆ ರುಬ್ಬಿ. 1 ಮೊಟ್ಟೆ, ಅರ್ಧ ಲೋಟ ಸಕ್ಕರೆ, ಚಿಟಿಕೆ ಉಪ್ಪು, 1 ಟೀ ಚಮಚ ಕರಿ ಎಳ್ಳು ಸೇರಿಸಿ. ನೀರು ದೋಸೆಗಿಂತ ತುಸು ದಪ್ಪ ಇರಬೇಕು. ಸಕ್ಕರೆ ಹೆಚ್ಚಾದರೆ ಬೇಗ ಕಪ್ಪಾಗುತ್ತದೆ, ಒಳಗೆ ಮೆತ್ತಗುಳಿಯುತ್ತದೆ. ಈ ಸೆಕೆಯಲ್ಲಿ ತೆಂಗಿನ ಹಾಲಿನ ಹಿಟ್ಟು ಬೇಗ ಹುಳಿಯುವುದರಿಂದ ರುಬ್ಬಿದ ಕೂಡಲೇ ಮಾಡಿ ಮುಗಿಸಿ.

ಹೊಸ ಅಚ್ಚನ್ನು ಗಂಜಿ ತಿಳಿಯಲ್ಲಿ ಕುದಿಸಿ, ಒರೆಸಿ, ಒಂದು ರಾತ್ರಿ ತೆಂಗಿನೆಣ್ಣೆಯಲ್ಲಿ ಮುಳುಗಿಸಿಡಿ. ಆದರೂ ಮೊದಲ ನಾಲ್ಕೈದು ಮುರಿಯುತ್ತವೆ, ಬೇಸರ ಬೇಡ. ಮಾಡುವಾಗ ಅಚ್ಚು ಬಿಸಿ ಎಣ್ಣೆಯಲ್ಲೇ 5 ನಿಮಿಷ ಕಾಯಬೇಕು. ಎತ್ತಿ, ಎಣ್ಣೆ ಕೊಡವಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಅಚ್ಚಿನ ಮೇಲಂಚಿಗೂ ಹಿಟ್ಟು ಹತ್ತಿದರೆ ಅದು ಬಿಡುವುದೇ ಇಲ್ಲ. ಅದ್ದಿದಾಗ ‘ಚುಂಯ್’ ಎನ್ನಬೇಕು. ಸದ್ದಿಲ್ಲದೆ ಹಿಟ್ಟು ಜಾರಿಹೋದರೆ ಅಚ್ಚು ಕಾದಿಲ್ಲ. ಹಿಟ್ಟು ಹಿಡಿದಂತಾಗಿ ಪಾತ್ರೆಯಲ್ಲೇ ಕಳಚಿ ಉಳಿದರೆ ಅಚ್ಚು ಅತಿಯಾಗಿ ಕಾದಿದೆ. ಎಣ್ಣೆ 170ರಿಂದ 180 ಡಿಗ್ರಿ ಇರಲಿ. ಅರ್ಧ ಬೆಂದಾಗ ಕಡ್ಡಿಯಿಂದ ಮೆಲ್ಲಗೆ ದೂಡಿದರೆ ಬಿಡುತ್ತದೆ.

ಪೂರ್ತಿ ಆರಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ತಟ್ಟೆಯಲ್ಲಿ ತೆರೆದಿಡಬೇಡಿ. ಮೆತ್ತಗಾದದ್ದನ್ನು 120 ಡಿಗ್ರಿಯ ಓವನ್‌ನಲ್ಲಿ 5ರಿಂದ 7 ನಿಮಿಷ ಇಟ್ಟರೆ ಮತ್ತೆ ಗರಿಯಾಗುತ್ತದೆ. ನಾರ್ವೆಯ ಬಗೆಯದಕ್ಕೆ ಸಕ್ಕರೆ ಹುಡಿ ಉದುರಿಸುವುದು ಬಡಿಸುವಾಗಲೇ. ಮೊದಲೇ ಉದುರಿಸಿದರೆ ಇಲ್ಲಿಯ ತೇವಕ್ಕೆ ಅಂಟುಪಾಕವಾಗುತ್ತದೆ.

ಕುಸ್ವಾರಿನಲ್ಲಿ ಇದರ ಜೊತೆಗೆ ನೆವ್ರಿ (ಹೂರಣ ತುಂಬಿದ ಕರ್ಜಿಕಾಯಿ), ಗುಳಿಯೊ, ತುಕ್ಡಿ, ಕಿಡ್ಯೊ ಇರುತ್ತವೆ. ಮನೆಯಲ್ಲಿ ಸುಲಭವಾಗಿ ಆಗುವುದು ಕಿಡ್ಯೊ. ಅರ್ಧ ಕಿಲೊ ಮೈದಾವನ್ನು ತೆಂಗಿನ ಹಾಲು, ಸ್ವಲ್ಪ ತುಪ್ಪ, ಉಪ್ಪಿನೊಂದಿಗೆ ಗಟ್ಟಿಯಾಗಿ ನಾದಿ, ಸಣ್ಣ ಉಂಡೆಗಳನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿ ಕರಿಯುವುದು. ಮಕ್ಕಳನ್ನು ಕೂರಿಸಿಕೊಂಡು ಮಾಡಬಹುದು. ಸಕ್ಕರೆ ಪಾಕವನ್ನು ಅರ್ಧಕ್ಕೆ ಮಾತ್ರ ಹಚ್ಚಿ, ಪಾಕ ಹಚ್ಚಿದ್ದು ಬೇಗ ಬೆವರುತ್ತದೆ.

ತಿರುವಾದಿರ

ಧನು ಮಾಸದ ಆರ್ದ್ರಾ ನಕ್ಷತ್ರದ ದಿನ ಹೆಂಗಸರು ಅನ್ನ ಬಿಟ್ಟು ವ್ರತ ಹಿಡಿಯುತ್ತಾರೆ. ಅಂದಿನ ಪುಳುಕ್ಕ್ ಎಂದರೆ ಸುವರ್ಣಗಡ್ಡೆ, ಕೆಸವಿನ ಗಡ್ಡೆ, ಸಾಂಬ್ರಾಣಿ ಗಡ್ಡೆ (ಮಲಯಾಳದ ಕೂರ್ಕ), ನೇಂದ್ರ ಕಾಯಿ, ಅಲಸಂಡೆ ಬೀಜ ಸೇರಿಸಿ ಬೇಯಿಸಿ ತೆಂಗಿನಕಾಯಿ ಅರಪ್ಪು ಹಾಕಿದ್ದು. ಸುವರ್ಣಗಡ್ಡೆ ಹೆಚ್ಚುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳಿ, ಹೋಳನ್ನು ಹುಣಸೆ ನೀರಿನಲ್ಲಿ ತೊಳೆಯಿರಿ. ಇಲ್ಲವಾದರೆ ತುರಿಸುತ್ತದೆ.

ಕೂವೆ ಸಿಹಿಗೆ ಅರ್ಧ ಲೋಟ ಕೂವೆ ಹುಡಿಯನ್ನು ತಣ್ಣೀರಿನಲ್ಲಿ ಕದಡಿ 10 ನಿಮಿಷ ಬಿಟ್ಟು ಮೇಲಿನ ನೀರು ಚೆಲ್ಲಿ. ಮತ್ತೆ 4 ಲೋಟ ತಣ್ಣೀರು, ಕರಗಿಸಿ ಸೋಸಿ ಆರಿಸಿದ 200 ಗ್ರಾಂ ಬೆಲ್ಲ ಸೇರಿಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಕಲಕಿ. ಬಿಸಿನೀರಿಗೆ ಹುಡಿ ಹಾಕಿದರೆ ಗಂಟು ಕಟ್ಟುತ್ತದೆ, ಅದನ್ನು ಒಡೆಯಲು ಬರುವುದಿಲ್ಲ. ಪಾರದರ್ಶಕವಾಗಿ ಹೊಳೆದಾಗ ಕಾಯಿತುರಿ, ಏಲಕ್ಕಿ ಹಾಕಿ ಇಳಿಸಿ. ಕೂವೆ ಎಂದು ಜೋಳದ ಪಿಷ್ಟ ಮಾರುವವರಿದ್ದಾರೆ. ಒಂದು ಚಮಚವನ್ನು ಬರೀ ನೀರಿನಲ್ಲಿ ಕಾಯಿಸಿ ನೋಡಿ, ಶುದ್ಧ ಕೂವೆ ತಿಳಿಯಾಗುತ್ತದೆ, ಜೋಳದ್ದು ಮಸುಕಾಗಿಯೇ ಉಳಿಯುತ್ತದೆ.

ನಮ್ಮ ಹವೆಗೆ ಒಗ್ಗುವ ಪರದೇಶದ ತಿಂಡಿ, ಪಾನೀಯ

ಫಿಲಿಪೀನ್ಸಿನಲ್ಲಿ ಡಿಸೆಂಬರ್ 16ರಿಂದ 24ರ ವರೆಗೆ ನಸುಕಿನ ಪೂಜೆ ಮುಗಿಸಿ ಬರುವವರಿಗೆ ಚರ್ಚಿನ ಹೊರಗೆ ಬಿಬಿಂಗ್ಕ ಮಾರುತ್ತಾರೆ. ಬಾಳೆಲೆ ಹಾಸಿದ ಮಣ್ಣಿನ ಪಾತ್ರೆಯಲ್ಲಿ ಅಕ್ಕಿ ಹಿಟ್ಟು ಸುರಿದು ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ತಿಂಡಿ. ಹೀಗೆಯೇ ಕೆಂಡದಲ್ಲಿ ಬೇಯುವ ನಮ್ಮ ಗೆಂಡದಡ್ಯೆ ತಿಂದವರಿಗೆ ಇದು ಕೂಡಲೇ ಗುರುತು ಸಿಗುತ್ತದೆ. 1 ಲೋಟ ಅಕ್ಕಿ ಹಿಟ್ಟು, 1 ಲೋಟ ತೆಂಗಿನ ಹಾಲು, 2 ಮೊಟ್ಟೆ, ಅರ್ಧ ಲೋಟ ಸಕ್ಕರೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ ಕಲಸಿ, ಬಾಡಿಸಿದ ಬಾಳೆಲೆಯ ಮೇಲೆ ಸುರಿದು 190 ಡಿಗ್ರಿಯಲ್ಲಿ 25ರಿಂದ 30 ನಿಮಿಷ ಬೇಯಿಸಿ. ಇಳಿಸಿದ ಕೂಡಲೇ ಬೆಣ್ಣೆ ಸವರಿ ಕಾಯಿತುರಿ ಉದುರಿಸಿ. ಬಾಳೆಲೆಯನ್ನು ಬೆಂಕಿಯ ಮೇಲೆ ಬಾಡಿಸದೆ ಹಾಸಿದರೆ ಮಡಿಕೆಯಲ್ಲಿ ಸೀಳಿ ಹಿಟ್ಟು ಸೋರುತ್ತದೆ.

ಮೆಕ್ಸಿಕೊದ ಪೋಂಚೆಗೆ ಬೇಕಾದ ಕಬ್ಬು, ಪೇರಳೆ, ಬೆಲ್ಲ, ದಾಲ್ಚಿನ್ನಿ, ಹುಣಸೆ ಎಲ್ಲವೂ ಇಲ್ಲಿಯ ಪೇಟೆಯಲ್ಲಿ ಸಿಗುತ್ತವೆ. 2 ಲೀಟರ್ ನೀರಿಗೆ 150 ಗ್ರಾಂ ಬೆಲ್ಲ, 2 ತುಂಡು ದಾಲ್ಚಿನ್ನಿ, ಸಿಪ್ಪೆ ತೆಗೆದು ಸೀಳಿದ ಬೆರಳುದ್ದದ ಕಬ್ಬಿನ ತುಂಡುಗಳು, ನೆಲ್ಲಿಕಾಯಿ ಗಾತ್ರದ ಹುಣಸೆಯ ರಸ ಹಾಕಿ 20 ನಿಮಿಷ ಕುದಿಸಿ. ಅಲ್ಲಿಯವರು ಹಾಕುವ ತೆಹೊಕೊತೆ ಹಣ್ಣು ನಮಗೆ ಸಿಗದು, ಒಂದು ಸೇಬು ಸಾಕು. ಸೇಬು ಮತ್ತು ನಾಲ್ಕು ಪೇರಳೆಯನ್ನು ಕೊನೆಯ 10 ನಿಮಿಷಕ್ಕೆ ಹಾಕಿ, ಮೊದಲೇ ಹಾಕಿದರೆ ಕರಗಿ ಗಸಿಯಾಗುತ್ತವೆ.

ಜರ್ಮನಿಯ ಕ್ರಿಸ್ಮಸ್ ಸಂತೆಗಳಲ್ಲಿ ದೊಡ್ಡವರಿಗೆ ಮಸಾಲೆ ಹಾಕಿ ಬಿಸಿ ಮಾಡಿದ ವೈನ್, ಮಕ್ಕಳಿಗೆ ಹಣ್ಣಿನ ರಸದ ಕಿಂಡರ್‌ಪುನ್ಶ್. ಎರಡನೆಯದನ್ನು 1 ಲೀಟರ್ ಕಪ್ಪು ದ್ರಾಕ್ಷಿ ರಸ, ಒಂದು ಕಿತ್ತಳೆಯ ಬಿಲ್ಲೆ, 2 ತುಂಡು ದಾಲ್ಚಿನ್ನಿ, 6 ಲವಂಗ ಹಾಕಿ ಹಬೆಯಾಡುವಷ್ಟು ಬಿಸಿಯಲ್ಲಿ 20 ನಿಮಿಷ ಇಟ್ಟು ಮಾಡಬಹುದು. ಕುದಿ ಬಂದರೆ ಕಿತ್ತಳೆ ಸಿಪ್ಪೆಯ ಕಹಿ ಇಳಿಯುತ್ತದೆ. ದ್ರಾಕ್ಷಿ ರಸದ ಬದಲು ಪುನರ್ಪುಳಿ (ಕೋಕಂ) ನೀರಿಗೆ ಬೆಲ್ಲ ಹಾಕಿಯೂ ಇದೇ ಕ್ರಮದಲ್ಲಿ ಮಾಡಿ ನೋಡಿ, ನಮಗೆ ಅದೇ ಹೆಚ್ಚು ಹಿಡಿಸಿದೆ. ಸ್ಟೀಲ್ ಪಾತ್ರೆಯೇ ಇರಲಿ, ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಹುಳಿಗೆ ಆಗದು.

ಹಸಿ ಮೊಟ್ಟೆ ಕಡೆದು ಮಾಡುವ ಎಗ್‌ನಾಗ್ ಇಲ್ಲಿ ಬೇಡ. ಮಾಡಲೇಬೇಕಿದ್ದರೆ ಹಾಲು ಮತ್ತು ಮೊಟ್ಟೆಯನ್ನು ಕಲಕುತ್ತಾ 71 ಡಿಗ್ರಿ ಮುಟ್ಟುವ ತನಕ ಕಾಯಿಸಿ, ಕೂಡಲೇ ತಣಿಸಿ ಫ್ರಿಜ್ಜಿನಲ್ಲಿಡಿ. ಚೀನಾದಲ್ಲಿ ಡಿಸೆಂಬರ್ 21 ಅಥವಾ 22ರ ಅಯನದ ದಿನ ಮಾಡುವ ತಾಂಗ್‌ಯುವಾನ್ ಉಂಡೆಗೆ ಅಂಟು ಅಕ್ಕಿಯ ಹಿಟ್ಟೇ ಬೇಕು, ನಮ್ಮ ಅಕ್ಕಿ ಹಿಟ್ಟಿನದು ನೀರಿನಲ್ಲಿ ಬಿರಿಯುತ್ತದೆ.

ಉಕ್ರೇನಿನ ಕುತ್ಯಾ ನಮ್ಮ ಗೋಧಿ ಪಾಯಸಕ್ಕೆ ಹತ್ತಿರ. ರಾತ್ರಿಯಿಡೀ ನೆನೆದ ಇಡೀ ಗೋಧಿಯನ್ನು ಬೇಯಿಸಿ, ಅರೆದ ಗಸಗಸೆ, ಜೇನು, ಒಣದ್ರಾಕ್ಷಿ ಸೇರಿಸುವುದು. ಮನೆಯಲ್ಲಿ ಉಣ್ಣಲು ಅಡ್ಡಿಯಿಲ್ಲ. ಆದರೆ ಗಸಗಸೆಯನ್ನಾಗಲಿ ಗಸಗಸೆ ಬಿದ್ದ ತಿಂಡಿಯನ್ನಾಗಲಿ ಗಲ್ಫಿಗೆ ಹೊರಟವರ ಪೆಟ್ಟಿಗೆಯಲ್ಲಿ ಇಡಬೇಡಿ. ಯುಎಇ, ಸೌದಿ ಅರೇಬಿಯಾಗಳಲ್ಲಿ ಅದು ನಿಷಿದ್ಧ ಮಾದಕ ವಸ್ತುಗಳ ಪಟ್ಟಿಯಲ್ಲಿದೆ. ಗಸಗಸೆ ಹಾಕುವ ವಾಡಿಕೆಯಿರುವುದರಿಂದ ನೆವ್ರಿಯ ಹೂರಣವನ್ನೂ ಕೇಳಿ ನೋಡಿಕೊಳ್ಳಿ. ರಮ್ ಹಾಕಿದ ಕೇಕನ್ನೂ ಆ ಪೆಟ್ಟಿಗೆಗೆ ಹಾಕಬೇಡಿ. ಅಚ್ಚಪ್ಪವನ್ನು ಗಟ್ಟಿ ಡಬ್ಬಿಯಲ್ಲಿ ಪದರ ಪದರಕ್ಕೂ ಕಾಗದವಿಟ್ಟು ಕಳಿಸಬಹುದು. ಡಬ್ಬಿ ಬಾಯ್ತುಂಬ ಇರಲಿ, ನಡುವೆ ಜಾಗ ಉಳಿದರೆ ಅಲುಗಿ ಹುಡಿಯಾಗುತ್ತದೆ.